ಗಾಜಿನ ಎಳೆ ಅಗ್ಗ, ಅದು ಸಾಗುವ ದಾರಿ ದುಬಾರಿ: ಕಂಬದ ಕೇಬಲ್ ಗೊಂದಲದ ಒಳಹೊರಗು

ಬೆಂಗಳೂರಿನಲ್ಲಿ ಒಂದು ಸುದ್ದಿ ಮತ್ತೆ ಮತ್ತೆ ಬರುತ್ತದೆ. ವಿದ್ಯುತ್ ಕಂಬಗಳ ಮೇಲಿರುವ ಅನಧಿಕೃತ ಓಎಫ್‌ಸಿ (ಆಪ್ಟಿಕಲ್ ಫೈಬರ್, ಅಂದರೆ ಗಾಜಿನ ಎಳೆಯ) ಕೇಬಲ್‌ಗಳನ್ನು ತೆಗೆಯಿರಿ, ಇಲ್ಲದಿದ್ದರೆ ನಾವೇ ಕತ್ತರಿಸುತ್ತೇವೆ ಎಂದು ಬೆಸ್ಕಾಂ ಗಡುವು ಕೊಡುತ್ತದೆ. ಕೆಲವು ಬಡಾವಣೆಗಳಲ್ಲಿ ಕೇಬಲ್ ಕತ್ತರಿಸುತ್ತಾರೆ. ಇಂಟರ್ನೆಟ್ ಹೋಯಿತು ಎಂದು ಜನ ದೂರುತ್ತಾರೆ. ಆಮೇಲೆ ಅದೇ ಕಂಬಕ್ಕೆ ಹೊಸ ಕೇಬಲ್ ಬಂದು ಸುತ್ತಿಕೊಳ್ಳುತ್ತದೆ.

ಹೈದರಾಬಾದಿನಲ್ಲಿ ಇದು ಇನ್ನೂ ಗಂಭೀರವಾಯಿತು. 2025ರ ಆಗಸ್ಟಿನಲ್ಲಿ ರಾಮಂತಾಪುರದಲ್ಲಿ ಜನ್ಮಾಷ್ಟಮಿ ಮೆರವಣಿಗೆಯ ರಥಕ್ಕೆ ಕರೆಂಟ್ ಹರಿದು ಐವರು ಸತ್ತರು. ವಿದ್ಯುತ್ ಅಧಿಕಾರಿಗಳು ನೇತಾಡುತ್ತಿದ್ದ ಕೇಬಲ್ ತಂತಿಯ ಕಡೆ ಬೊಟ್ಟು ಮಾಡಿದರು. ಅದಾದ ಮೇಲೆ ನಗರದ ಕಂಬಗಳ ಮೇಲಿನ ಕೇಬಲ್‌ಗಳನ್ನು ಸಾರಾಸಗಟಾಗಿ ಕತ್ತರಿಸಲು ಶುರು ಮಾಡಿದರು. ಟೆಲಿಕಾಂ ಕಂಪನಿಗಳು ಪ್ರತಿಭಟಿಸಿದವು, ಏರ್‌ಟೆಲ್ ಹೈಕೋರ್ಟಿಗೆ ಹೋಯಿತು.

ಇದನ್ನೆಲ್ಲ ಓದುವವರಿಗೆ ಕೆಲವು ಪ್ರಶ್ನೆಗಳು ಬರುವುದು ಸಹಜ. ಫೈಬರ್ ಅಂದರೆ ಗಾಜು, ಅದರಲ್ಲಿ ಕರೆಂಟ್ ಹರಿಯಲ್ಲ ಅಲ್ವಾ? ಮತ್ತೆ ಶಾಕ್ ಹೇಗೆ? ನೆಲದೊಳಗೆ ಯಾಕೆ ಹಾಕುವುದಿಲ್ಲ? ಎದುರು ಕಟ್ಟಡಕ್ಕೆ ನಮ್ಮದೇ ಕೇಬಲ್ ಎಳೆದುಕೊಂಡರೆ ಅದೂ ಅಕ್ರಮವೇ? ಉತ್ತರ ಹುಡುಕಬೇಕಾದರೆ ಕಂಬದಿಂದ ಶುರು ಮಾಡಿದರೆ ಆಗುವುದಿಲ್ಲ. ಒಂದು ಕಟ್ಟಡದ ನೆಟ್‌ವರ್ಕನ್ನು ಇನ್ನೊಂದು ಕಟ್ಟಡಕ್ಕೆ ಒಯ್ಯುವುದು ಏಕೆ ಕಷ್ಟ ಎನ್ನುವುದನ್ನು ಮೊದಲು ನೋಡಬೇಕು.

ನೂರು ಮೀಟರಿನ ಗಡಿ

ಆಫೀಸು, ಶಾಲೆ, ಆಸ್ಪತ್ರೆ ಎಲ್ಲಿ ನೋಡಿದರೂ ಕಂಪ್ಯೂಟರಿಗೆ ಚುಚ್ಚಿರುವ ನೀಲಿಯೋ ಬೂದಿಯೋ ಬಣ್ಣದ ಕೇಬಲ್ ಇರುತ್ತದೆ. ಅದರೊಳಗೆ ತಾಮ್ರದ ಎಂಟು ತಂತಿಗಳು, ಎರಡೆರಡು ಹೆಣೆದ ನಾಲ್ಕು ಜೋಡಿ. ಈ ಕೇಬಲ್ 100 ಮೀಟರ್ ದಾಟಬಾರದು ಎಂಬುದು ನಿಯಮ. ಗೋಡೆಯೊಳಗೆ ಕಾಯಂ ಆಗಿ ಹಾಕುವುದು 90 ಮೀಟರ್, ಎರಡೂ ತುದಿಯ ಸಣ್ಣ ಪ್ಯಾಚ್ ಕಾರ್ಡ್‌ಗಳಿಗೆ ಒಟ್ಟು 10 ಮೀಟರ್.

ಈ ಗಡಿ ಯಾಕೆ ಬಂತು ಎನ್ನುವುದರಲ್ಲಿ ತುಂಬಾ ಜನಕ್ಕೆ ತಪ್ಪು ತಿಳಿವಳಿಕೆ ಇದೆ. ಹಳೆಯ ಕಾಲದಲ್ಲಿ ಎಲ್ಲ ಕಂಪ್ಯೂಟರುಗಳೂ ಒಂದೇ ತಂತಿ ಹಂಚಿಕೊಳ್ಳುತ್ತಿದ್ದವು. ಇಬ್ಬರು ಒಟ್ಟಿಗೆ ಮಾತಾಡಿದರೆ ಡಿಕ್ಕಿ ಆಗುತ್ತಿತ್ತು. ಆ ಡಿಕ್ಕಿಯ ಸುದ್ದಿ ಕಳಿಸಿದವರಿಗೆ ಸಮಯಕ್ಕೆ ಸರಿಯಾಗಿ ತಲುಪಬೇಕಿತ್ತು. ಹಾಗಾಗಿ ಇಡೀ ಜಾಲದ ಉದ್ದಕ್ಕೆ ಮಿತಿ ಇತ್ತು. ಇವತ್ತು ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆಗಳಿವೆ, ಪ್ರತಿ ಕಂಪ್ಯೂಟರಿಗೂ ತನ್ನದೇ ತಂತಿ ಇದೆ, ಡಿಕ್ಕಿಯ ಪ್ರಶ್ನೆಯೇ ಇಲ್ಲ. ಆದರೂ 100 ಮೀಟರಿನ ಗಡಿ ಉಳಿದಿದೆ. ಅದರ ಕಾರಣ ಡಿಕ್ಕಿಯಲ್ಲ, ಸಿಗ್ನಲ್ ಸೊರಗುವುದು. ಕ್ಯಾಟ್ 5ಇ ಎಂಬ ಸಾಮಾನ್ಯ ಬಗೆಯ ಕೇಬಲಿನಲ್ಲಿ 100 ಮೆಗಾಹರ್ಟ್ಸ್ ಸಿಗ್ನಲ್ 100 ಮೀಟರ್ ಸಾಗುವಷ್ಟರಲ್ಲಿ ಸುಮಾರು 22 ಡೆಸಿಬಲ್ ಕಳೆದುಕೊಳ್ಳುತ್ತದೆ. ಅಂದರೆ ಕಳಿಸಿದ ಶಕ್ತಿಯಲ್ಲಿ ನೂರೈವತ್ತರಲ್ಲಿ ಒಂದು ಪಾಲು ಮಾತ್ರ ಆ ತುದಿಗೆ ಮುಟ್ಟುತ್ತದೆ. ಪಕ್ಕದ ಜೋಡಿಯಿಂದ ಸೋರುವ ಗದ್ದಲ ಬೇರೆ. ಅದರ ನಡುವೆ ಇಷ್ಟು ಸಣ್ಣ ಸಿಗ್ನಲನ್ನು ಹೆಕ್ಕಿ ತೆಗೆಯಬೇಕು.

120 ಮೀಟರ್ ಎಳೆದೆವು, ಚೆನ್ನಾಗೇ ಕೆಲಸ ಮಾಡ್ತಿದೆ ಎನ್ನುವವರು ಸಿಗುತ್ತಾರೆ. ಅದು ಸುಳ್ಳಲ್ಲ. ನಿಯಮದಲ್ಲಿ ಸ್ವಲ್ಪ ಮೀಸಲು ಇಟ್ಟಿರುತ್ತಾರೆ, ಅವರು ಅದನ್ನು ತಿನ್ನುತ್ತಿರುತ್ತಾರೆ ಅಷ್ಟೆ. ದೀಪ ಹಸಿರಾಗಿ ಉರಿಯುತ್ತದೆ, ಆದರೆ ಒಳಗೆ ಡೇಟಾ ತುಂಡುಗಳು ಕೆಟ್ಟು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಗಿಗಾಬಿಟ್ ಇರಬೇಕಾದ ಕಡೆ 100 ಮೆಗಾಬಿಟ್‌ಗೆ ಇಳಿದಿರುತ್ತದೆ. ತಾಮ್ರದ ಬದಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುವ ಅಗ್ಗದ ಕೇಬಲ್ ಹಾಕಿದರೆ ಆ ಮೀಸಲೂ ಇರುವುದಿಲ್ಲ. ಅದರ ತಡೆ ಜಾಸ್ತಿ. ಅದೇ ಕೇಬಲಿನಲ್ಲಿ ಕ್ಯಾಮೆರಾಕ್ಕೆ ಕರೆಂಟನ್ನೂ ಕಳಿಸುತ್ತಿದ್ದರೆ ತುದಿಯಲ್ಲಿ ವೋಲ್ಟೇಜ್ ಬಿದ್ದು ಕ್ಯಾಮೆರಾ ರಾತ್ರಿ ಹೊತ್ತು ಆಫ್ ಆಗುತ್ತದೆ. ರಾತ್ರಿಯೇ ಯಾಕೆ ಎಂದರೆ, ಕತ್ತಲಲ್ಲಿ ಕಾಣಲು ಅದರ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಕರೆಂಟ್ ಜಾಸ್ತಿ ಬೇಕು.

ಬಿಸಿಲು ಮತ್ತು ಸಿಡಿಲು

ಈ 100 ಮೀಟರಿನ ಲೆಕ್ಕ 20 ಡಿಗ್ರಿ ಉಷ್ಣಾಂಶದ ಲೆಕ್ಕ. ತಾಮ್ರ ಬಿಸಿಯಾದಷ್ಟೂ ಸಿಗ್ನಲ್ ಹೆಚ್ಚು ಸೊರಗುತ್ತದೆ. ಕೇಬಲ್ 60 ಡಿಗ್ರಿ ಮುಟ್ಟಿದರೆ 90 ಮೀಟರಿನ ಮಿತಿ ಸುಮಾರು 75ಕ್ಕೆ ಇಳಿಯುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ತಾರಸಿ ಮೇಲೆ ಬಿದ್ದಿರುವ ಕಪ್ಪು ಕೇಬಲಿಗೆ ಆ ಬಿಸಿ ದೊಡ್ಡದೇನಲ್ಲ. ಬೆಳಿಗ್ಗೆ ಸರಿ ಇದ್ದ ನೆಟ್‌ವರ್ಕ್ ಮಧ್ಯಾಹ್ನ ಕೈಕೊಟ್ಟರೆ ಎಲ್ಲರೂ ರೂಟರನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ತಾರಸಿಯಲ್ಲಿರುತ್ತದೆ.

ಸಿಡಿಲಿನ ವಿಷಯ ಇದಕ್ಕಿಂತ ದೊಡ್ಡದು. ಮಲೆನಾಡು, ಕರಾವಳಿಯವರಿಗೆ ಹೇಳಬೇಕಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಮೋಡೆಮ್, ಟಿವಿ ಬಾಕ್ಸ್ ಸುಟ್ಟು ಹೋಗುವುದು ಅಲ್ಲಿ ವರ್ಷವರ್ಷದ ಮಾತು. ಸಿಡಿಲು ತಂತಿಯ ಮೇಲೇ ಬೀಳಬೇಕೆಂದಿಲ್ಲ. ಪ್ರತಿ ಕಟ್ಟಡಕ್ಕೂ ಅದರದೇ ಅರ್ಥಿಂಗ್ ಇರುತ್ತದೆ. ಒಂದು ಕಟ್ಟಡದ ಹತ್ತಿರ ಸಿಡಿಲು ನೆಲಕ್ಕಿಳಿದರೆ ಅಲ್ಲಿನ ನೆಲದ ವೋಲ್ಟೇಜ್ ಒಂದು ಕ್ಷಣಕ್ಕೆ ಸಾವಿರಾರು ವೋಲ್ಟ್ ಏರುತ್ತದೆ. ಇನ್ನೂರು ಅಡಿ ಆಚೆಗಿರುವ ಕಟ್ಟಡದಲ್ಲಿ ಅಷ್ಟು ಏರುವುದಿಲ್ಲ. ಇವೆರಡರ ನಡುವೆ ತಾಮ್ರದ ತಂತಿ ಇದ್ದರೆ ಆ ವ್ಯತ್ಯಾಸ ಹರಿದು ಹೋಗಲು ಅದೇ ದಾರಿ. ನೆಟ್‌ವರ್ಕ್ ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇದೆ. ಅದು 1500 ವೋಲ್ಟ್‌ವರೆಗೆ ತಡೆಯುವಂತೆ ಮಾಡಿದ್ದು. ಅದರಾಚೆಗೆ ಹೋದರೆ ಪೋರ್ಟ್ ಸುಡುತ್ತದೆ, ಕೆಲವೊಮ್ಮೆ ಇಡೀ ಸ್ವಿಚ್, ಅದಕ್ಕೆ ಚುಚ್ಚಿದ ಕಂಪ್ಯೂಟರುಗಳು ಎಲ್ಲವೂ.

ಸಿಡಿಲಿಲ್ಲದ ದಿನವೂ ತೊಂದರೆ ತಪ್ಪಿದ್ದಲ್ಲ. ಎರಡು ಕಟ್ಟಡಗಳಿಗೆ ಬೇರೆ ಬೇರೆ ಟ್ರಾನ್ಸ್‌ಫಾರ್ಮರಿನಿಂದ ಕರೆಂಟ್ ಬರುತ್ತಿದ್ದರೆ ಅವುಗಳ ಅರ್ಥಿಂಗ್ ನಡುವೆ ಸಣ್ಣ ವೋಲ್ಟೇಜ್ ಯಾವಾಗಲೂ ಇರಬಹುದು. ಲೋಹದ ಹೊದಿಕೆಯ ಕೇಬಲ್ ಹಾಕಿ ಎರಡೂ ತುದಿಯನ್ನು ಅರ್ಥ್‌ಗೆ ಕೊಟ್ಟರೆ ಆ ಹೊದಿಕೆಯ ಮೂಲಕ ಕರೆಂಟ್ ಸದಾ ಹರಿಯುತ್ತಿರುತ್ತದೆ. ಒಳ್ಳೆಯ ಕೇಬಲ್ ಎಂದು ದುಡ್ಡು ಕೊಟ್ಟು ತಂದಿದ್ದೇ ತೊಂದರೆಯ ಮೂಲವಾಗುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಯೇ ಇಲ್ಲ. ಕಟ್ಟಡದ ಹೊರಗೆ ತಾಮ್ರ ಬೇಡ. ದೂರ 40 ಮೀಟರ್ ಇದ್ದರೂ ಬೇಡ. ಗಡಿ 100 ಮೀಟರ್ ಎಂದು ಹೇಳುವುದರಿಂದ ಅದಕ್ಕಿಂತ ಕಡಿಮೆ ಇದ್ದರೆ ಸುರಕ್ಷಿತ ಎಂಬ ಭಾವನೆ ಬಂದುಬಿಟ್ಟಿದೆ. ಅದು ಒಂದೇ ಸೂರಿನ ಕೆಳಗಿನ ಮಾತು.

ಗಾಜಿನ ಎಳೆಯ ಲೆಕ್ಕ

ಫೈಬರ್‌ನಲ್ಲಿ ಸಾಗುವುದು ಬೆಳಕು. ಇವತ್ತಿನ ಸಾಮಾನ್ಯ ಸಿಂಗಲ್ ಮೋಡ್ ಫೈಬರ್‌ನಲ್ಲಿ ಒಂದು ಕಿಲೋಮೀಟರಿಗೆ ಸುಮಾರು 0.35 ಡೆಸಿಬಲ್ ನಷ್ಟ. ಒಂದು ಕಿಲೋಮೀಟರ್ ದಾಟಿದ ಮೇಲೂ ಶೇಕಡಾ 92ರಷ್ಟು ಬೆಳಕು ಉಳಿದಿರುತ್ತದೆ. ಮೇಲೆ ಹೇಳಿದ ತಾಮ್ರದ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ. 1966ರಲ್ಲಿ ಚಾರ್ಲ್ಸ್ ಕಾವೊ, ಕಿಲೋಮೀಟರಿಗೆ 20 ಡೆಸಿಬಲ್‌ಗೆ ಇಳಿಸಿದರೂ ಸಾಕು, ಗಾಜಿನ ಎಳೆಯಲ್ಲಿ ಸುದ್ದಿ ಕಳಿಸಬಹುದು ಎಂದು ತೋರಿಸಿಕೊಟ್ಟಿದ್ದರು. ಅಷ್ಟು ಶುದ್ಧ ಗಾಜು ಆಗ ಇರಲಿಲ್ಲ. 2009ರಲ್ಲಿ ಅವರಿಗೆ ನೊಬೆಲ್ ಬಂತು.

ಬಳಸುವವರಿಗೆ ಇದರ ಫಲ ಏನು? ಎರಡೂ ತುದಿಯಲ್ಲಿ ವಿದ್ಯುತ್ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಸಿಗ್ನಲಾಗಿ ಬದಲಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಇಟ್ಟರೆ, ಅಥವಾ ಸ್ವಿಚ್‌ನಲ್ಲೇ ಫೈಬರ್ ಮಾಡ್ಯೂಲ್ ಹಾಕಿದರೆ, ಗಿಗಾಬಿಟ್ ವೇಗ 10 ಕಿಲೋಮೀಟರ್‌ವರೆಗೆ ಹೋಗುತ್ತದೆ. ನಡುವೆ ಎಲ್ಲೂ ಕರೆಂಟ್ ಬೇಡ. ಸಿಡಿಲಿನ ವೋಲ್ಟೇಜ್ ಗಾಜಿನಲ್ಲಿ ಹರಿಯುವುದಿಲ್ಲ. ಸಾಧನಗಳ ಜೋಡಿಗೆ ಕೆಲವು ಸಾವಿರ ರೂಪಾಯಿ ಸಾಕು. ಎಳೆ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ದುಬಾರಿ, ಆದರೆ ಅದನ್ನು ನಾವು ಕೊಳ್ಳಬೇಕಿಲ್ಲ. ಯಂತ್ರ ಇಟ್ಟುಕೊಂಡಿರುವ ಹುಡುಗರು ಈಗ ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ.

ಮನೆಗೆ ಬರುವ ಫೈಬರ್ ಇಂಟರ್ನೆಟ್ಟೂ ಇದೇ ಬಗೆಯದು. ಆಪರೇಟರ್ ಕಡೆಯಿಂದ ಒಂದು ಎಳೆ ಬಡಾವಣೆಗೆ ಬರುತ್ತದೆ. ಅಲ್ಲೊಂದು ಸ್ಪ್ಲಿಟರ್ ಆ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ, ನೀರಿನ ಪೈಪಿಗೆ ಟೀ ಹಾಕಿ ಕವಲು ತೆಗೆದ ಹಾಗೆ. ಸ್ಪ್ಲಿಟರಿಗೂ ಕರೆಂಟ್ ಬೇಡ. ಇದು ಬರುವ ಮುಂಚೆ ಸಣ್ಣ ಆಪರೇಟರುಗಳು ತಾರಸಿಯಿಂದ ತಾರಸಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆದು, ನೂರು ಮೀಟರಿಗೊಂದು ಸ್ವಿಚ್ ಕಟ್ಟಿ, ಯಾರದೋ ಮನೆಯಿಂದ ಅದಕ್ಕೆ ಕರೆಂಟ್ ತೆಗೆದುಕೊಳ್ಳುತ್ತಿದ್ದರು. ಆ ಮನೆಯಲ್ಲಿ ಕರೆಂಟ್ ಹೋದರೆ ಬೀದಿಯ ಇಂಟರ್ನೆಟ್ಟೇ ಹೋಗುತ್ತಿತ್ತು. ಇವತ್ತು ಕಂಬಗಳಲ್ಲಿ ನೇತಾಡುವ ರಾಶಿಯಲ್ಲಿ ಆ ಕಾಲದ ಸತ್ತ ಕೇಬಲ್‌ಗಳೂ ಸೇರಿವೆ. ಯಾರೂ ತೆಗೆದಿಲ್ಲ.

ಗಾಜಿನಲ್ಲಿ ಕರೆಂಟಿಲ್ಲ, ಮತ್ತೆ ಶಾಕ್ ಎಲ್ಲಿಂದ?

ಗಾಜಿನ ಎಳೆ ಕೂದಲಿನಷ್ಟು ತೆಳು. ಕಂಬದಿಂದ ಕಂಬಕ್ಕೆ ತೂಗಲು ಅದಕ್ಕೆ ಬಲ ಇಲ್ಲ. ಆದ್ದರಿಂದ ಮನೆಗೆ ಎಳೆಯುವ ಡ್ರಾಪ್ ಕೇಬಲಿನಲ್ಲಿ ಎಳೆಯ ಜೊತೆಗೆ ಒಂದು ಉಕ್ಕಿನ ತಂತಿ ಇರುತ್ತದೆ. ನೆಲದೊಳಗೆ ಹಾಕುವ ಆರ್ಮರ್ಡ್ ಕೇಬಲಿಗೆ ಇಲಿ ಕಡಿಯದಂತೆ ಉಕ್ಕಿನ ಹೊದಿಕೆ ಇರುತ್ತದೆ. ಗಾಜು ಕರೆಂಟ್ ಒಯ್ಯುವುದಿಲ್ಲ, ಆದರೆ ಉಕ್ಕು ಒಯ್ಯುತ್ತದೆ.

ನಮ್ಮ ಬೀದಿ ಕಂಬದ ಮೇಲ್ಭಾಗದಲ್ಲಿ ಹಲವೆಡೆ 11 ಸಾವಿರ ವೋಲ್ಟಿನ ತಂತಿ, ಅದರ ಕೆಳಗೆ ಮನೆಗೆ ಬರುವ 230 ವೋಲ್ಟಿನ ತಂತಿ, ಅದಕ್ಕೂ ಕೆಳಗೆ ಈ ಕೇಬಲ್‌ಗಳು. ಗಾಳಿಗೆ ಕೊಂಬೆ ಬಿದ್ದು ಮೇಲಿನ ತಂತಿ ಕೆಳಗಿನದಕ್ಕೆ ತಾಗಿತು ಎಂದುಕೊಳ್ಳಿ. ಪ್ಲಾಸ್ಟಿಕ್ ಹೊದಿಕೆ ಸವೆದಿರುವ ಕಡೆ ಉಕ್ಕಿನ ತಂತಿಗೆ ಕರೆಂಟ್ ಏರುತ್ತದೆ. ಆ ಕೇಬಲ್ ತುಂಡಾಗಿ ಫುಟ್‌ಪಾತಿನಲ್ಲಿ ಬಿದ್ದಿದ್ದರೆ ಅದನ್ನು ಮುಟ್ಟಿದವರ ಗತಿ ಊಹಿಸಬಹುದು. ಕೇಬಲ್ ಟಿವಿಯ ಕೊಆಕ್ಸ್ ತಂತಿಯಲ್ಲಂತೂ ಸಿಗ್ನಲ್ ಹರಿಯುವುದೇ ಲೋಹದಲ್ಲಿ. ಕೆಳಗೆ ನಿಂತವರ ಕಣ್ಣಿಗೆ ಯಾವುದು ಗಾಜು, ಯಾವುದು ಲೋಹ, ಯಾವುದು ಜೀವಂತ, ಯಾವುದು ಸತ್ತದ್ದು ಎಂದು ತಿಳಿಯುವ ಹಾಗೇ ಇಲ್ಲ.

ಲೈನ್‌ಮನ್‌ಗಳ ಕಷ್ಟ ಸುದ್ದಿಯಲ್ಲಿ ಬರುವುದು ಕಡಿಮೆ. ಕಂಬ ಹತ್ತಬೇಕಾದವರು ಅವರು. ಸುತ್ತಿಟ್ಟ ಕೇಬಲ್ ಉಂಡೆಗಳ ನಡುವೆ ಕಾಲಿಡಲು ಜಾಗ ಇರುವುದಿಲ್ಲ. ಲೆಕ್ಕ ಹಾಕದೆ ಹೇರಿದ ಭಾರ ಕಂಬವನ್ನು ಒಂದು ಕಡೆಗೆ ಎಳೆಯುತ್ತಿರುತ್ತದೆ. ಮಳೆಗಾಲದಲ್ಲಿ ಕಂಬ ವಾಲಿದರೆ ಮೊದಲು ಹೋಗಿ ನಿಲ್ಲುವವರೂ ಅವರೇ. ಕೇಬಲ್ ತೆಗೆಯಿರಿ ಎಂಬ ಬೆಸ್ಕಾಂ ಪಟ್ಟಿನ ಹಿಂದೆ ಇದೆಲ್ಲ ಇದೆ. ಅದನ್ನು ಸುಮ್ನೆ ಕಿರುಕುಳ ಎಂದು ತಳ್ಳಿಹಾಕುವುದು ತಪ್ಪು.

ನೆಲದೊಳಗೆ ಯಾಕೆ ಹಾಕುವುದಿಲ್ಲ

ಕಂಪನಿಗಳ ಕಡೆಯ ವಾದಕ್ಕೂ ತೂಕ ಇದೆ. ಫೈಬರ್ ಕೇಬಲ್ ಅಗ್ಗ, ಅದನ್ನು ಹೂಳುವ ಕೆಲಸ ದುಬಾರಿ. ಬಿಎಸ್‌ಎನ್‌ಎಲ್ ಪದ್ಧತಿಯಲ್ಲಿ ಕೇಬಲ್ ಗುಂಡಿ 1.65 ಮೀಟರ್ ಆಳ ಇರಬೇಕು. ನಗರದ ರಸ್ತೆಯ ಕೆಳಗೆ ಅಷ್ಟು ಆಳಕ್ಕೆ ಹೋಗುವುದರೊಳಗೆ ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕೇಬಲ್, ಗ್ಯಾಸ್ ಲೈನು ಎಲ್ಲವೂ ಅಡ್ಡ ಬರುತ್ತವೆ. ರಸ್ತೆ ಅಗೆದರೆ ಅನುಮತಿ ಬೇಕು, ಶುಲ್ಕ ಬೇಕು, ಮುಚ್ಚಿ ಡಾಂಬರು ಹಾಕಲು ದುಡ್ಡು ಕಟ್ಟಬೇಕು. ಅಗೆಯದೆ ಯಂತ್ರದಿಂದ ಅಡ್ಡಕ್ಕೆ ಕೊರೆಯುವ ದಾರಿಯೂ ಇದೆ. ಆದರೆ ಕೆಳಗೆ ಏನಿದೆ ಎಂಬ ನಕ್ಷೆ ಸರಿ ಇಲ್ಲದೆ ಕೊರೆದರೆ ನೀರಿನ ಪೈಪ್ ಒಡೆಯುತ್ತದೆ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಕಾಲ್ ಬಿಫೋರ್ ಯು ಡಿಗ್ ಎಂಬ ಆ್ಯಪ್ ತಂದಿದ್ದು ಇದಕ್ಕೇ. ಅಗೆಯುವವರು ಮೊದಲೇ ಹೇಳಿದರೆ ಕೆಳಗೆ ಕೇಬಲ್ ಇರುವವರು ಎಚ್ಚರಿಸಬಹುದು.

ಕಾನೂನೂ ಬದಲಾಗಿದೆ. 2023ರ ದೂರಸಂಪರ್ಕ ಕಾಯ್ದೆಯ ಅಡಿಯಲ್ಲಿ ಬಂದ, ಕೇಬಲಿಗೆ ದಾರಿ ಕೊಡುವ ಕುರಿತ ರೈಟ್ ಆಫ್ ವೇ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಅಧಿಕೃತ ಕಂಪನಿ ಅರ್ಜಿ ಹಾಕಿದರೆ ಸ್ಥಳೀಯ ಸಂಸ್ಥೆ ಗಡುವಿನೊಳಗೆ ಉತ್ತರಿಸಬೇಕು, ಉತ್ತರಿಸದಿದ್ದರೆ ಅನುಮತಿ ಸಿಕ್ಕಂತೆಯೇ. ಹಲವು ಕಂಪನಿಗಳು ಹಂಚಿಕೊಳ್ಳುವ ಸಾಮಾನ್ಯ ಡಕ್ಟ್‌ಗಳ, ಅಂದರೆ ಕೇಬಲ್ ಹಾಯಿಸುವ ಕೊಳವೆಗಳ, ಮಾತೂ ಕಾಯ್ದೆಯಲ್ಲಿದೆ. ಕಂಪನಿಗಳು ಇದನ್ನೇ ಹಿಡಿದು, ನಮಗೆ ಹಕ್ಕಿದೆ, ಇಂಟರ್ನೆಟ್ ಈಗ ನೀರು ಕರೆಂಟಿನಷ್ಟೇ ಅಗತ್ಯ, ಬದಲಿ ದಾರಿ ಕೊಡದೆ ಕತ್ತರಿಸಬೇಡಿ ಎನ್ನುತ್ತವೆ.

ವಿದ್ಯುತ್ ಕಂಪನಿಯ ಉತ್ತರ: ಕಂಬ ನಮ್ಮದು, ಬಾಡಿಗೆ ಕೊಟ್ಟು ಅನುಮತಿ ಪಡೆದವರಿಗೆ ಮಾತ್ರ ಜಾಗ. ಪಾಲಿಕೆಯ ಉತ್ತರ: ರಸ್ತೆ ನಮ್ಮದು, ನಿನ್ನೆ ಹಾಕಿದ ಡಾಂಬರನ್ನು ಇವತ್ತು ಅಗೆಯಲು ಬಿಡುವುದಿಲ್ಲ. ಎರಡೂ ನ್ಯಾಯವೇ. ಆದರೆ ಎರಡನ್ನೂ ಒಟ್ಟಿಗೆ ಇಟ್ಟರೆ ಕೇಬಲಿಗೆ ಮೇಲೂ ದಾರಿ ಇಲ್ಲ, ಕೆಳಗೂ ದಾರಿ ಇಲ್ಲ. ಆಗ ಅದು ಮರಕ್ಕೆ ಹೋಗುತ್ತದೆ. ಬೆಂಗಳೂರಿನ ಮರಗಳಲ್ಲಿ ಕೇಬಲ್ ಸುರುಳಿ ತೂಗುವುದಕ್ಕೆ ಆಪರೇಟರುಗಳ ಅಸಡ್ಡೆ ಒಂದು ಕಾರಣ. ಯಾವ ಕಚೇರಿಯೂ ದಾರಿ ತೋರಿಸದೆ ಬೇಡ ಎಂದಷ್ಟೇ ಹೇಳುವುದು ಇನ್ನೊಂದು.

2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಎರಡು ಪಾಲಿಕೆಗಳ ಗಡಿ ದಾಟುವ ಕೇಬಲಿಗೆ ಈಗ ಎರಡು ಕಚೇರಿಗಳ ಒಪ್ಪಿಗೆ ಬೇಕಾಗಬಹುದು. ಇವೆರಡೂ ಒಂದೇ ನಕ್ಷೆ ಇಟ್ಟುಕೊಳ್ಳದಿದ್ದರೆ ಗೊಂದಲ ಇನ್ನೂ ಹೆಚ್ಚುತ್ತದೆ.

ದಾರಿ ಮಾಡಿಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ಊರಲ್ಲೇ ಇದೆ. ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ ಫುಟ್‌ಪಾತಿನ ಕೆಳಗೆ ನೀರು, ವಿದ್ಯುತ್, ಓಎಫ್‌ಸಿ ಎಲ್ಲಕ್ಕೂ ಬೇರೆ ಬೇರೆ ಡಕ್ಟ್ ಮತ್ತು ಚೇಂಬರ್ ಇಟ್ಟರು. ಹೊಸ ಕೇಬಲ್ ಬೇಕಾದರೆ ಚೇಂಬರ್ ತೆಗೆದು ಎಳೆಯಬಹುದು, ಅಗೆಯಬೇಕಿಲ್ಲ. ಆ ರಸ್ತೆಗಳಿಗೆ ಖರ್ಚು ಜಾಸ್ತಿ ಆಯಿತೆಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ಆದರೆ ಮಾಮೂಲಿ ರಸ್ತೆಯನ್ನು ಮತ್ತೆ ಮತ್ತೆ ಅಗೆದು ಮುಚ್ಚುವ ಖರ್ಚನ್ನೂ ಆ ಲೆಕ್ಕಕ್ಕೆ ಸೇರಿಸಬೇಕಲ್ಲವೇ?

ನಮ್ಮದೇ ಕೇಬಲ್ ಆದರೆ?

ಕಾಲೇಜು, ಆಸ್ಪತ್ರೆ, ಅಪಾರ್ಟ್‌ಮೆಂಟ್, ಕಾರ್ಖಾನೆಗಳು ತಮ್ಮ ಕಾಂಪೌಂಡಿನೊಳಗೆ ಎಷ್ಟು ಫೈಬರ್ ಬೇಕಾದರೂ ಎಳೆದುಕೊಳ್ಳಬಹುದು. ರಸ್ತೆ ದಾಟಿದ ಕೂಡಲೇ ಕಥೆ ಬದಲಾಗುತ್ತದೆ. ಅದು ಸಾರ್ವಜನಿಕ ಜಾಗ. ಅನುಮತಿಯಿಲ್ಲದೆ ಕಂಬದ ಮೇಲೆ ಹಾಯಿಸಿದ ಆಸ್ಪತ್ರೆಯ ಕೇಬಲಿಗೂ ಯಾವುದೋ ಆಪರೇಟರಿನ ಕೇಬಲಿಗೂ ಕತ್ತರಿ ಹಿಡಿದವರ ಕಣ್ಣಲ್ಲಿ ವ್ಯತ್ಯಾಸ ಇಲ್ಲ. ಎದುರು ಬದಿಯ ಲ್ಯಾಬಿನಿಂದ ವರದಿ ಬರುವುದು ನಿಂತಾಗಲೇ ಆ ಕೇಬಲ್ ಎಷ್ಟು ಮುಖ್ಯವಾಗಿತ್ತು ಎಂದು ಗೊತ್ತಾಗುವುದು. ಅಧಿಕೃತ ಕಂಪನಿಯಿಂದ ಎರಡು ಕಟ್ಟಡಗಳ ನಡುವೆ ಲೀಸ್ಡ್ ಲೈನ್ (ನಮಗಷ್ಟೇ ಮೀಸಲಾದ ಸಂಪರ್ಕ) ಅಥವಾ ಖಾಲಿ ಎಳೆ ಬಾಡಿಗೆಗೆ ಪಡೆಯುವುದು ಇದಕ್ಕೆ ನೇರವಾದ ದಾರಿ. ಖರ್ಚು ತಿಂಗಳು ತಿಂಗಳು ಬರುತ್ತದೆ, ಆದರೆ ಅನುಮತಿಯ ಹೊಣೆ ಅವರದು.

ವೈರ್‌ಲೆಸ್ ಮಾಡಬಾರದೇ? ಮಾಡಬಹುದು. 2018ರಿಂದ 5 ಗಿಗಾಹರ್ಟ್ಸ್ ಬ್ಯಾಂಡಿನ 605 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿಗೆ ಲೈಸೆನ್ಸ್ ಬೇಕಿಲ್ಲ. ಎರಡು ತಾರಸಿಗಳ ಮೇಲೆ ಎದುರುಬದುರು ಆಂಟೆನಾ ಇಟ್ಟರೆ ಸಂಪರ್ಕ ಸಿಗುತ್ತದೆ. ನಡುವೆ ಏನೂ ಅಡ್ಡ ಇರಬಾರದು ಎಂಬುದೇ ಷರತ್ತು. ಒಂದು ತೆಂಗಿನ ಮರ ಬೆಳೆದರೂ, ಎದುರಿಗೆ ಎರಡು ಮಹಡಿ ಎದ್ದರೂ ಮುಗಿಯಿತು. ಅಡಿಕೆ ತೋಟದ ನಡುವೆ ಇದು ಆಗದ ಮಾತು. ತೋಟದ ಗೇಟಿಗೋ ಪಂಪ್‌ಹೌಸಿಗೋ ಕ್ಯಾಮೆರಾ ಬೇಕಾದವರಿಗೆ ಫೈಬರೇ ಸರಿ. ಅಲ್ಲಿ ಅನುಮತಿಯ ತಾಪತ್ರಯವೂ ಇಲ್ಲ. ಉಕ್ಕಿನ ತಂತಿಯ ಬದಲು ಫೈಬರ್‌ಗ್ಲಾಸ್ ಕಡ್ಡಿ ಇರುವ ಕೇಬಲನ್ನೇ ಕೇಳಿ ತರಬೇಕು. ಅದು ಸಿಗದಿದ್ದರೆ ಉಕ್ಕಿನ ತಂತಿಯನ್ನು ಕಟ್ಟಡದ ಹೊರಗೇ ಕತ್ತರಿಸಿ, ಗಾಜಿನ ಎಳೆ ಮಾತ್ರ ಒಳಗೆ ಬರುವಂತೆ ಮಾಡಬೇಕು. ಇಲ್ಲವಾದರೆ ಸಿಡಿಲಿಗೆ ನಾವೇ ಬಾಗಿಲು ತೆರೆದಂತೆ.

ಮುಂದೇನಾಗಬಹುದು

ಕತ್ತರಿಸುವ ಕಾರ್ಯಾಚರಣೆ ಹೀಗೇ ಮುಂದುವರಿದರೆ ಮೊದಲು ಬೀಳುವವರು ಸಣ್ಣ ಆಪರೇಟರುಗಳು. ದೊಡ್ಡ ಕಂಪನಿಗಳಿಗೆ ವಕೀಲರಿದ್ದಾರೆ, ನೆಲದೊಳಗಿನ ಸ್ವಂತ ಡಕ್ಟ್‌ಗಳಿವೆ. ಬಡಾವಣೆಯ ಆಪರೇಟರಿಗೆ ಕಂಬ ಬಿಟ್ಟರೆ ಗತಿ ಇಲ್ಲ. ಅವರು ಮುಚ್ಚಿದರೆ ಒಂದೊಂದು ಬೀದಿಯಲ್ಲಿ ಒಂದೋ ಎರಡೋ ಕಂಪನಿ ಉಳಿಯುತ್ತದೆ, ದರ ಅವರು ಹೇಳಿದ್ದೇ ಆಗುತ್ತದೆ.

ಎರಡನೆಯ ಪರಿಣಾಮ ಜಾಲದ ಆಕಾರಕ್ಕೆ ಸೇರಿದ್ದು. ಒಂದೇ ಕಡೆಯಿಂದ ಬರುವ ಕೇಬಲ್ ತುಂಡಾದರೆ ಅದರಾಚೆಗಿನ ಎಲ್ಲವೂ ಕತ್ತಲು. ಉಂಗುರದಂತೆ ಎರಡು ಕಡೆಯಿಂದ ಬಂದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಡೇಟಾ ಬರುತ್ತದೆ. ಹಳ್ಳಿಗಳಿಗೆ ಇಂಟರ್ನೆಟ್ ಒಯ್ಯುವ ಕೇಂದ್ರದ ಭಾರತ್‌ನೆಟ್ ಯೋಜನೆಯ ಮೊದಲ ಹಂತಗಳಲ್ಲಿ ಗ್ರಾಮ ಪಂಚಾಯಿತಿಗಳಿಗೆ ಬಹುಪಾಲು ಒಂದೇ ಕಡೆಯ ಕೇಬಲ್ ಹೋಯಿತು. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಉಂಗುರದ ಆಕಾರಕ್ಕೆ ತಿರುಗಿತು. ನಗರದ ಬಡಾವಣೆಗಳಲ್ಲಿ ಹಾಗೆ ಮಾಡಬೇಕಾದರೆ ಪ್ರತಿ ಬೀದಿಗೂ ಎರಡು ದಾರಿ ಬೇಕು. ಒಂದೇ ದಾರಿಗೆ ಇಷ್ಟು ಜಗಳ ಇರುವಾಗ ಎರಡನೆಯದನ್ನು ಯಾರು ಕೊಡುತ್ತಾರೆ?

ಪೂರ್ತಿ ಪರಿಹಾರಕ್ಕೆ ವರ್ಷಗಳು ಬೇಕು. ಆದರೆ ನಾಳೆಯೇ ಆಗಬಹುದಾದ ಕೆಲಸವೂ ಇದೆ. ಪ್ರತಿ ಕೇಬಲಿಗೂ ಪ್ರತಿ ಕಂಬದಲ್ಲಿ ಮಾಲೀಕರ ಹೆಸರು, ಅನುಮತಿ ಸಂಖ್ಯೆ ಇರುವ ಪಟ್ಟಿ ಕಟ್ಟುವುದು ಕಡ್ಡಾಯವಾಗಲಿ. ಪಟ್ಟಿ ಇಲ್ಲದ ಸತ್ತ ಕೇಬಲ್ ತೆಗೆದರೆ ಯಾರ ಇಂಟರ್ನೆಟ್ಟೂ ಹೋಗುವುದಿಲ್ಲ, ಕಂಬದ ಭಾರವೂ ಇಳಿಯುತ್ತದೆ. ಇನ್ನು ರಸ್ತೆಗೆ ಹೊಸ ಡಾಂಬರು ಹಾಕುವ ಮುಂಚೆ ಅಂಚಿನಲ್ಲಿ ಖಾಲಿ ಪೈಪ್ ಹೂಳಲಿ. ಗುಂಡಿ ತೆಗೆದಿರುವಾಗ ಪೈಪಿನ ಖರ್ಚು ತೀರಾ ಕಡಿಮೆ. ಆ ಪೈಪನ್ನು ದೊಡ್ಡ ಕಂಪನಿಗೂ ಬಡಾವಣೆಯ ಆಪರೇಟರಿಗೂ ಒಂದೇ ದರದಲ್ಲಿ ಬಾಡಿಗೆಗೆ ಕೊಡಬೇಕು. ದರ ಎಷ್ಟು, ವಸೂಲಿ ಯಾರದು, ಒಳಗೆ ಕೇಬಲ್ ಕಡಿದರೆ ಹೊಣೆ ಯಾರದು ಎಂದು ಪಾಲಿಕೆಗಳು ಮತ್ತು ಬೆಸ್ಕಾಂ ಒಟ್ಟಿಗೆ ಕೂತು ತೀರ್ಮಾನಿಸಬೇಕು, ಅದೂ ಮುಂದಿನ ಗಡುವು ಘೋಷಿಸುವ ಮೊದಲು.